ಆಲೂರು ದೊಡ್ಮನೆ ಗುಂಪು: ಅರ್ಧ ಗಂಟೆ ವಿಡಿಯೋ, ಆರು ಕಿಲೋಮೀಟರ್ ಕಾರು

ನಮ್ಮ ಮನೆತನದ ಗುಂಪಲ್ಲಿ 34 ಜನ ಇದ್ದಾರೆ, ಬಾಯಿ ಬಿಡೋರು ಐದಾರು. ಮೇ ತಿಂಗಳ ಒಂದು ಭಾನುವಾರ ಹಾಸನದ ದೊಡ್ಡಪ್ಪ ಬೆಳಗ್ಗೆ ಹಾಕಿದ ಫಾರ್ವರ್ಡ್‌ನಿಂದ ಶುರುವಾದ ವಾದ ರಾತ್ರಿವರೆಗೂ ನಡೀತು. ಅತ್ತೆ ಮಧ್ಯೆ ಮಧ್ಯೆ ಕಳಿಸಿದ ಹಲಸಿನ ಹಪ್ಪಳದ ಏಳು ಫೋಟೋ ಬಿಟ್ಟಿದ್ದೇನೆ, ಉಳಿದದ್ದು ಹಾಗೇ ಇದೆ.

7:12 ದೊಡ್ಡಪ್ಪ (ಹಾಸನ): ಎಚ್ಚರ!! ಅರ್ಧ ಗಂಟೆ ಆನ್‌ಲೈನ್ ವಿಡಿಯೋ ನೋಡಿದರೆ 1.6 ಕೆ.ಜಿ. ಇಂಗಾಲದ ಡೈಆಕ್ಸೈಡ್! ಕಾರಿನಲ್ಲಿ ಆರು ಕಿಲೋಮೀಟರ್ ಹೋದಷ್ಟು ಹೊಗೆ!! ಎಲ್ಲ ಗುಂಪಿಗೂ ಕಳಿಸಿ.

7:14 ದೊಡ್ಡಪ್ಪ: ಶ್ವೇತ, ನಿನ್ನ ಮಗನಿಗೆ ಓದಿ ಹೇಳಮ್ಮ. ರಜಕ್ಕೆ ಬಂದೋನು ನಿನ್ನೆ ನಾಲ್ಕು ಗಂಟೆ ಮೊಬೈಲ್ ಕೆಳಗಿಟ್ಟಿಲ್ಲ. ಈ ಲೆಕ್ಕದಲ್ಲಿ ಬೇಲೂರು ದಾಟಿ ಹೋಗಿದಾನೆ.

7:40 ಶ್ವೇತ (ಬೆಂಗಳೂರು): ಅಪ್ಪಾ, ಈ ಲೆಕ್ಕ ಹೇಳಿದೋರೇ ಅದು ತಪ್ಪು ಅಂತ ಒಪ್ಕೊಂಡಾಗಿದೆ. ಫ್ರಾನ್ಸಿನ ಶಿಫ್ಟ್ ಪ್ರಾಜೆಕ್ಟ್ ಅನ್ನೋ ಸಂಸ್ಥೆಯವರು 2019ರಲ್ಲಿ ಹೇಳಿದ್ದು. ಡೇಟಾ ಅಳೆಯುವಾಗ ಬಿಟ್ ಇರೋ ಕಡೆ ಬೈಟ್ ಅಂದ್ಕೊಂಡ್ರು. ಒಂದು ಬೈಟ್‌ಗೆ ಎಂಟು ಬಿಟ್, ಅಲ್ಲೇ ಎಂಟು ಪಟ್ಟು ಏರಿಬಿಡ್ತು. ಮಾರನೇ ವರ್ಷ ತಿದ್ಕೊಂಡ್ರು. ಫಾರ್ವರ್ಡ್‌ಗೆ ತಿದ್ದುಪಡಿ ಇರಲ್ವಲ್ಲ, ಅದು ಇನ್ನೂ ಸುತ್ತುತ್ತಾ ಇದೆ.

7:42 ದೊಡ್ಡಪ್ಪ: ಪಾವಿಗೂ ಸೇರಿಗೂ ವ್ಯತ್ಯಾಸ ಗೊತ್ತಿಲ್ದೋರು ವಿಜ್ಞಾನಿಗಳು.

7:45 ಶ್ವೇತ: ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಹಾಕಿದ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 36 ಗ್ರಾಂ. ನಾಲ್ಕು ಗಂಟೆಗೆ 144. ನಿಮ್ಮ ಮೊಮ್ಮಗ ಬೇಲೂರಿರಲಿ, ಹಾಸನದ ಬಸ್ ಸ್ಟ್ಯಾಂಡೂ ಮುಟ್ಟಿಲ್ಲ.

7:46 ಶ್ವೇತ: ಇನ್ನೊಂದು. ಕರೆಂಟ್ ಜಾಸ್ತಿ ಎಳೆಯೋದು ನಾವು ನೋಡೋ ಪರದೆನೇ. 50 ಇಂಚಿನ ಟಿ.ವಿ. ಮೊಬೈಲಿನ ನೂರು ಪಟ್ಟು ಎಳೆಯುತ್ತಂತೆ. ಹಾಲಲ್ಲಿ ಬೆಳಗ್ಗಿಂದ ಓಡ್ತಿರೋದು ಯಾರ ಟಿ.ವಿ.?

7:51 ದೊಡ್ಡಪ್ಪ: ಕೊಡಿಸಿದ್ದು ನೀನು.

8:20 ದೊಡ್ಡಪ್ಪ: ಹಾಗಾದ್ರೆ ನಿಮ್ಮ ಕಂಪ್ಯೂಟರ್‌ಗಳೆಲ್ಲ ಗಾಳಿ ಕುಡ್ಕೊಂಡು ಓಡ್ತವೋ?

8:33 ಶ್ವೇತ: ಹಾಗಂದಿಲ್ಲ ಅಪ್ಪ. 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು, ಅಂದ್ರೆ ಇಂಟರ್ನೆಟ್ ನಡೆಸೋ ಕಂಪ್ಯೂಟರ್ ಗೋದಾಮುಗಳೆಲ್ಲ ಸೇರಿ ಸುಮಾರು 41,500 ಕೋಟಿ ಯೂನಿಟ್ ಸುಟ್ಟಿವೆ. ಒಟ್ಟು ಕರೆಂಟಲ್ಲಿ ನೂರಕ್ಕೆ ಒಂದೂವರೆ. ಈ ಎಐ ಓಟ ನೋಡಿ, 2030ಕ್ಕೆ ಇದು ಎರಡು ಪಟ್ಟಿಗೂ ಹೆಚ್ಚಾಗುತ್ತೆ ಅಂತ ಆ ಇಂಧನ ಸಂಸ್ಥೆನೇ ಅಂದಾಜು ಮಾಡಿದೆ.

8:36 ದೊಡ್ಡಪ್ಪ: ನೀರು? ಆ ಮಷೀನ್ ತಣ್ಣಗಿಡಕ್ಕೆ ನೀರೂ ಬೇಕಲ್ಲ. ಗೊರೂರಿಂದ ಬಿಟ್ಟ ನಮ್ಮ ಹೇಮಾವತಿ ಕಾವೇರಿ ಸೇರಿ ನಿಮ್ಮ ನಲ್ಲಿಗೆ ಬರೋದು. 2024ರ ಬೇಸಿಗೇಲಿ ಟ್ಯಾಂಕರ್‌ಗೆ ಕಾದು ಕೂತಿದ್ದು ಮರೆತ್ಯಾ?

8:41 ಶ್ವೇತ: ಮರೆತಿಲ್ಲ. ಜಗಳ ಆಡೋದಿದ್ರೆ ಇದಕ್ಕೆ ಆಡಿ, ನಾನೂ ನಿಮ್ಮ ಕಡೆನೇ. ಹುಡುಗನ ಕಾರ್ಟೂನ್ ಬಿಡಿ.

9:30 ಮಾವ (ಕಡೂರು): ಭಾವ, ಮೊಬೈಲನ್ನ ಅಷ್ಟು ಬೈಬೇಡಿ. ರಾತ್ರಿ ಎರಡಕ್ಕೆ ಪಂಪಿಗೆ ತ್ರೀ ಫೇಸ್ ಕರೆಂಟ್ ಕೊಟ್ರೆ ಮೊದ್ಲು ಟಾರ್ಚ್ ಹಿಡ್ಕೊಂಡು ತೋಟಕ್ಕೆ ಓಡ್ಬೇಕಿತ್ತು. ಹಾವು, ಚೇಳು, ಬೈಕಿನ ಪೆಟ್ರೋಲ್. ಈಗ ಮೊಬೈಲ್ ಸ್ಟಾರ್ಟರ್. ಮಲಗಿದಲ್ಲಿಂದ ಒಂದು ಕಾಲ್ ಮಾಡಿದ್ರೆ ಮೋಟ್ರು ಆನ್.

9:38 ಅತ್ತೆ: ಪೆಟ್ರೋಲ್ ಉಳೀತು ಸರಿ. ಮೊದ್ಲು ಚಳೀಲಿ ಎದ್ದು ಹೋಗಕ್ಕೆ ಬೇಜಾರಾಗಿ ಎರಡು ದಿನಕ್ಕೊಂದ್ಸಲ ನೀರು ಬಿಡ್ತಿದ್ರು. ಈಗ ದಿನಾ ಬಿಡ್ತಾರೆ. ಆನ್ ಮಾಡಕ್ಕೆ ಎಚ್ಚರ ಆಗುತ್ತೆ, ಆಫ್ ಮಾಡಕ್ಕೆ ಆಗಲ್ಲ. ಬೆಳಗ್ಗೆ ನೋಡಿದ್ರೆ ಅಡಿಕೆ ಬುಡ ಎಲ್ಲಾ ಕೆರೆ.

9:39 ಅತ್ತೆ: ಹೋದ ವರ್ಷ ಒಂದು ಬೋರ್ ಬತ್ತಿದ್ದೂ ಹೇಳ್ರೀ.

9:44 ಮಾವ: ಅದು ಮಳೆ ಇಲ್ದೆ.

9:44 ಅತ್ತೆ: ಹೂಂ. ಮಳೆ ಇಲ್ದೆ.

9:50 ನಾನು: ಮಾವ, ಆ ಸ್ಟಾರ್ಟರ್‌ಗೆ ಟೈಮರ್ ಇರಲ್ವಾ? ಒಂದು ಗಂಟೆ ಆದ್ಮೇಲೆ ತಾನೇ ಆಫ್ ಆಗೋ ಥರ?

10:15 ಮಾವ: ಇದೆ. ಹಾಕಿಲ್ಲ.

(ಇಡೀ ದಿನದಲ್ಲಿ ನನಗೆ ನೆಟ್ಟಗೆ ಸಿಕ್ಕ ಉತ್ತರ ಇದೊಂದೇ.)

11:02 ಶ್ವೇತ: ಅಪ್ಪಾ, ಅದಿರಲಿ. ನಿಮ್ಮ ಫೋನ್ ಮಧ್ಯಾಹ್ನಕ್ಕೇ ಸಾಯ್ತಿದೆಯಲ್ಲ, ಹೊಸದು ಬುಕ್ ಮಾಡಿದೀನಿ. ನಾಡಿದ್ದು ಬರುತ್ತೆ.

11:03 ದೊಡ್ಡಪ್ಪ: ಕ್ಯಾನ್ಸಲ್ ಮಾಡು.

11:10 ನಾನು: ಇದರಲ್ಲಿ ದೊಡ್ಡಪ್ಪನೇ ಸರಿ ಕಣೇ. ಫೋನನ್ನ ವರ್ಷಗಟ್ಟಲೆ ಚಾರ್ಜ್ ಮಾಡೋದ್ರಿಂದ ಆಗೋ ಹೊಗೆಗಿಂತ ಅದು ತಯಾರಾಗುವಾಗಲೇ ಆಗಿರೋದು ಜಾಸ್ತಿ. ಗಣಿ, ಚಿಪ್ಪು, ಪರದೆ ಎಲ್ಲಾ ಸೇರಿ. ಬಿ.ಎಂ. ರೋಡಲ್ಲಿ ಬ್ಯಾಟರಿ ಹಾಕಿಸಿದ್ರೆ ಇನ್ನೆರಡು ವರ್ಷ ಬರುತ್ತೆ.

11:12 ದೊಡ್ಡಪ್ಪ: ನೋಡು.

11:15 ಶ್ವೇತ: ಅಟ್ಟದ ಮೇಲೆ ಐದು ಹಳೇ ಫೋನ್ ಇಟ್ಕೊಂಡಿರೋರು ಪರಿಸರದ ಪಾಠ ಹೇಳ್ತಿದಾರೆ.

11:31 ದೊಡ್ಡಮ್ಮ: ಐದಿಲ್ಲ. ಮೂರನ್ನ ಬೀದೀಲಿ ಬರ್ತಾನಲ್ಲ, ಅವನಿಗೆ ಕೊಟ್ಟೆ. ಎರಡು ಪ್ಲಾಸ್ಟಿಕ್ ಟಬ್ ಕೊಟ್ಟ, ಗಟ್ಟಿಯಾಗಿವೆ.

11:40 ನಾನು: ದೊಡ್ಡಮ್ಮಾ! ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ್ರು. ಅಲ್ಲಿ ಕೊನೆಗೆ ತೆಗೀತಿದ್ದ ಒಂದು ಟನ್ ಅದಿರಿಗಿಂತ ಒಂದು ಟನ್ ಹಳೇ ಮೊಬೈಲಲ್ಲಿ ಎಷ್ಟೋ ಪಟ್ಟು ಜಾಸ್ತಿ ಚಿನ್ನ ಇರುತ್ತೆ.

11:41 ದೊಡ್ಡಮ್ಮ: ಅಯ್ಯೋ, ಎರಡು ಟಬ್ಬಿಗೆ ಕೊಟ್ಟುಬಿಟ್ನಲ್ಲೋ.

11:49 ನಾನು: ನಿಮಗೆ ನಷ್ಟ ಆಗಿದ್ದು ಬಿಡಿ. ಹೀಗೆ ಹೋದ ಫೋನು ಎಷ್ಟೋ ಸಲ ಯಾವ್ದೋ ಶೆಡ್ಡಿಗೆ ಸೇರುತ್ತೆ. ತಾಮ್ರಕ್ಕೆ ವೈರ್ ಸುಡ್ತಾರೆ, ಚಿನ್ನಕ್ಕೆ ಬೋರ್ಡನ್ನ ಆಸಿಡ್‌ಗೆ ಹಾಕ್ತಾರೆ. ಮಿಕ್ಕಿದ ನೀರು ಚರಂಡಿಗೆ. 2022ರಲ್ಲಿ ಜಗತ್ತಲ್ಲಿ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಸರಿಯಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರೋದು ನೂರಕ್ಕೆ ಇಪ್ಪತ್ತೆರಡೇ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ, ಮರುಬಳಕೆ ಮಾಡಿಸೋ ಹೊಣೆ ತಯಾರಿಸೋ ಕಂಪನಿದೇ.

11:52 ದೊಡ್ಡಪ್ಪ: ಒಳ್ಳೇದು. ಅಟ್ಟದಲ್ಲಿ ಮಿಕ್ಕ ಎರಡನ್ನ ನಮ್ಮ ಬೀದಿಯಿಂದ ಎಲ್ಲಿಗೆ ತಗೊಂಡು ಹೋಗ್ಲಿ? ಅಡ್ರೆಸ್ ಹಾಕು.

(ಅಡ್ರೆಸ್ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ. ಆಮೇಲೆ ಊಟದ ಹೊತ್ತಾಯ್ತು, ಹಪ್ಪಳದ ಫೋಟೋ ಬಂದವು.)

17:55 ಚಿಕ್ಕಪ್ಪ (ಸಕಲೇಶಪುರ): ಬೆಳಗ್ಗಿಂದ ನೆಟ್‌ವರ್ಕ್ ಇಲ್ಲ, ಈಗ ಒಂದೇ ಸಲ ಇಷ್ಟೊಂದು ಮೆಸೇಜ್. ನಿಮಗೆಲ್ಲ ಕೆಲಸ ಇಲ್ವಾ ಮಾರಾಯ್ರೆ?

18:04 ಚಿಕ್ಕಪ್ಪ: ಅಣ್ಣ, ನಂದೊಂದು ಬರ್ಕೊಳಿ. ಯುರೋಪಿನೋರು ಈಗ ಅಲ್ಲಿಗೆ ಹೋಗೋ ಕಾಫಿಗೆ ಕಾನೂನು ಮಾಡಿದಾರೆ. 2020ರ ಡಿಸೆಂಬರ್ 31 ಆದ್ಮೇಲೆ ಕಾಡು ಕಡಿದ ಜಾಗದ ಬೆಳೆ ಅಲ್ಲ ಅಂತ ತೋರಿಸ್ಬೇಕು. ತೋಟ ನಾಲ್ಕು ಹೆಕ್ಟೇರ್ ಮೀರಿದ್ರೆ ಸುತ್ತಲ ಗಡಿನೇ ಮ್ಯಾಪಲ್ಲಿ ಕೊಡ್ಬೇಕು. ಹುಡುಗ ಫೋನ್ ಹಿಡ್ಕೊಂಡು ಬೇಲಿ ಸುತ್ತಿ ಜಿಗಣೆ ಕಚ್ಚಿಸ್ಕೊಂಡು ಬಂದ. ಮರ ಉಳಿಯೋ ಕಾನೂನು, ನಾನು ಬೇಡ ಅನ್ನಲ್ಲ. ಆದ್ರೆ ನೆರಳಿನ ಮರದ ಕೆಳಗಿರೋ ನಮ್ಮ ಕಾಫಿ ಮೇಲಿಂದ ನೋಡೋ ಉಪಗ್ರಹಕ್ಕೆ ತೋಟವೋ ಕಾಡೋ ಗೊತ್ತಾಗೋದು ಕಷ್ಟ ಅಂತೆ. ಮರ ಉಳಿಸ್ಕೊಂಡೋನಿಗೇ ತಲೆನೋವು. ಜಾರಿ ಬೇರೆ ಮುಂದಕ್ಕೆ ಹಾಕ್ತಾನೇ ಇದಾರೆ.

18:09 ಚಿಕ್ಕಪ್ಪ: ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯೋರು ಕಳಿಸೋ ಮೆಸೇಜ್ ಮಾತ್ರ ದೇವ್ರು ಕೊಟ್ಟಂಗೆ. ಹಿಂಡಿನ ಒಂದು ಹೆಣ್ಣಾನೆ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ್ರೆ ಇಡೀ ಹಿಂಡು ಎಲ್ಲಿದೆ ಅಂತ ತಿಳೀತದೆ. ಒಂಟಿ ಸಲಗಕ್ಕೆ ಕಾಲರ್ ಇಲ್ದಿದ್ರೆ ಅದು ಬಂದು ನಿಂತ್ಮೇಲೇ ಗೊತ್ತಾಗೋದು.

19:22 ಚಿಕ್ಕಪ್ಪ: ಈಗ ಮೆಸೇಜ್ ಬಂತು. ನಮ್ಮ ಕೂಲಿಯೋರ ಲೈನ್ ಮನೆ ಹಿಂದಿನ ತೋಟದಲ್ಲೇ ಆನೆ ಇದಾವಂತೆ. ಲೈನಿನ ಇಬ್ಬರು ಹೆಂಗಸರು ನಂಟರ ಮನೆಯಿಂದ ನಡ್ಕೊಂಡು ಬರ್ತಿದಾರೆ. ಫೋನ್ ಮಾಡ್ತೀನಿ ತಡೀರಿ.

19:40 ದೊಡ್ಡಪ್ಪ: ಏನಾಯ್ತೋ?

19:58 ಅತ್ತೆ: ಸಿಕ್ಕಿದ್ರಾ?

20:25 ದೊಡ್ಡಪ್ಪ: ನಾನು ಕಳಿಸಿದ್ದಕ್ಕೆ ಒಂದೇ ಟಿಕ್ ಇದೆ. ಫೋನೂ ಹೋಗ್ತಿಲ್ಲ. ಇಲ್ಲಿ ಗುಡುಗು ಜೋರಾಗಿದೆ.

20:26 ಶ್ವೇತ: ಅಪ್ಪ, ನಾನೂ ಟ್ರೈ ಮಾಡ್ತಿದೀನಿ.

21:47 ಚಿಕ್ಕಪ್ಪ: ಎಲ್ಲಾ ಮನೇಲಿದಾರೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಯ್ತು, ಟವರಲ್ಲಿ ಡೀಸೆಲ್ ಇರ್ಲಿಲ್ಲ, ಯಾರ ಫೋನೂ ಹೋಗ್ಲಿಲ್ಲ. ಜೀಪ್ ತಗೊಂಡು ಹೋಗಿ ಕರ್ಕೊಂಡು ಬಂದೆ.

21:48 ಚಿಕ್ಕಪ್ಪ: ಹೋಗಿ ಬಂದು ಆರು ಕಿಲೋಮೀಟರ್ ಅಣ್ಣ, ಲೆಕ್ಕಕ್ಕೆ ಸೇರಿಸ್ಕೊಳಿ.