‘ಹರಿಕೇನ್ ಸೀಸನ್ ಬೇಗ ಶುರುವಾಯ್ತು’: ಕನ್ನಡದಲ್ಲಿ ಹೇಗೆ ಹೇಳೋದು?

ಗೆಳೆಯರೇ,

2020ರ ಮೇ ತಿಂಗಳಲ್ಲಿ ಫ್ಲೋರಿಡಾದಿಂದ ತಂಗಿ ಫೋನ್ ಮಾಡಿದ್ದಳು. "ಈ ಸಲ ಹರಿಕೇನ್ ಸೀಸನ್ ಬೇಗ ಶುರುವಾಯ್ತು ಅಕ್ಕಾ" ಅಂದಳು. ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅಮ್ಮ ಕೇಳಿದರು: "ಗಾಳಿಗೂ ಸೀಸನ್ ಉಂಟಾ?" ನಾನು ಪೇಪರಿನ ಭಾಷೆಯಲ್ಲಿ, "ಚಂಡಮಾರುತ ಋತು ಅವಧಿಗೆ ಮುನ್ನವೇ ಆರಂಭವಾಗಿದೆ" ಅಂದೆ. ಅಮ್ಮ ಸುಮ್ನೆ ನನ್ನ ಮುಖ ನೋಡಿದರು. ಅವತ್ತಿನಿಂದ ಈ ಮಾತು ನನ್ನ ತಲೆಯಲ್ಲೇ ಕೂತಿದೆ.

ಮೊದಲು ‘ಋತು’. ವಸಂತ, ಗ್ರೀಷ್ಮ ಅಂತ ಆರು ಋತುಗಳನ್ನು ಎಣಿಸಿ ಬೆಳೆದ ಕಿವಿಗೆ ಚಂಡಮಾರುತ ಋತು ಒಗ್ಗುವುದಿಲ್ಲ. ನನಗೆ ‘ಹಂಗಾಮು’ ವಾಸಿ ಅನ್ನಿಸುತ್ತದೆ. ಮುಂಗಾರು ಹಂಗಾಮು, ಕಬ್ಬು ಅರೆಯುವ ಹಂಗಾಮು ಅಂತ ಊರಲ್ಲೆಲ್ಲ ಬಳಸುತ್ತಾರೆ. ಪಾರಸಿಯಿಂದ ಬಂದ ಪದವಾದರೂ ನಮ್ಮದೇ ಆಗಿಹೋಗಿದೆ.

ನಿಜವಾದ ತೊಡಕು ‘ಬೇಗ ಶುರುವಾಯ್ತು’ ಎಂಬುದರಲ್ಲಿದೆ. ಅಟ್ಲಾಂಟಿಕ್‌ನಲ್ಲಿ ಈ ಹಂಗಾಮು ಜೂನ್ 1ರಿಂದ ನವೆಂಬರ್ 30ರವರೆಗೆ. ಇದು ಜನ ಗೊತ್ತುಮಾಡಿದ ದಿನ. ನಮ್ಮ ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನವೂ ಜೂನ್ 1, ಆದರೆ ಅದು ಬೇರೆ ಥರದ ದಿನ. ಮಳೆ ನೆಂಟರ ಹಾಗೆ, ಬಂದ ದಿನವೇ ಬಂದಂತೆ. 2025ರಲ್ಲಿ ಮೇ 24ಕ್ಕೇ ಬಂತು, "ಮುಂಗಾರು ಬೇಗ ಬಂತು" ಅಂದೆವು, ಸರಿಯೇ. ಹರಿಕೇನ್ ಹಂಗಾಮು ಇದಕ್ಕಿಂತ ನಮ್ಮ ಕರಾವಳಿಯ ಮೀನುಗಾರಿಕೆ ರಜೆಗೆ ಹತ್ತಿರ. ಅದೂ ಜೂನ್ 1ಕ್ಕೇ ಶುರು, ಮಳೆ ಬಂದಿರಲಿ ಬಿಡಲಿ. ಮೇ ತಿಂಗಳಲ್ಲೇ ಕಡಲು ಕೆಟ್ಟು ದೋಣಿಗಳನ್ನು ದಡಕ್ಕೆ ಎಳೆದರೆ "ರಜೆ ಬೇಗ ಶುರುವಾಯ್ತು" ಅನ್ನುತ್ತೇವಾ? ಕಡಲು ಬೇಗ ಕೆಟ್ಟಿತು ಅನ್ನುತ್ತೇವೆ, ಅಲ್ವಾ?

ಹಾಗಾಗಿ ಬೇಗ ಬಂದದ್ದು ಹಂಗಾಮಲ್ಲ, ಗಾಳಿ. 2020ರ ಮೇ 16ರಂದು ಫ್ಲೋರಿಡಾದ ಪೂರ್ವಕ್ಕೆ ಕಡಲಲ್ಲಿ ಎದ್ದ ‘ಆರ್ಥರ್’ ಅಂಥದ್ದು. ಅದು ಹರಿಕೇನ್ ಕೂಡ ಆಗಲಿಲ್ಲ. ಗಂಟೆಗೆ 63 ಕಿ.ಮೀ. ವೇಗಕ್ಕೇ ಹೆಸರಿಡುತ್ತಾರೆ, ಹರಿಕೇನ್ ಅನ್ನಿಸಿಕೊಳ್ಳಲು 119 ಬೇಕು. ನಮ್ಮ ‘ಚಂಡಮಾರುತ’ ಎರಡನ್ನೂ ಒಳಗೊಳ್ಳುತ್ತದೆ, ಆ ಮಟ್ಟಿಗೆ ಅನುಕೂಲ. 2015ರಿಂದ 2021ರವರೆಗೆ ಏಳು ವರ್ಷವೂ ಜೂನ್‌ಗೆ ಮುಂಚೆಯೇ ಹೆಸರಿಟ್ಟ ಗಾಳಿ ಒಂದಾದರೂ ಎದ್ದಿದೆ.

ಪತ್ರಿಕೆಗಳು ಇದಕ್ಕೆಲ್ಲ ‘ಅಕಾಲಿಕ’ ಎಂದು ಬರೆಯುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಬೇಸಿಗೆಯಲ್ಲಿ ಹುಣಸೆ ಮರ ಹದಿನೈದು ದಿನ ಮುಂಚೆ ಚಿಗುರಿದರೆ ಅದು ಅಕಾಲವಲ್ಲ, ಮುಂಚೆ ಅಷ್ಟೇ. 2016ರ ‘ಅಲೆಕ್ಸ್’ ಬೇರೆ ಕಥೆ. ಜನವರಿ 14ರಂದು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಹತ್ತಿರ ಹರಿಕೇನ್ ಆಯಿತು. ಅದು ಹೋದ ಹಂಗಾಮಿನ ತಡವೋ, ಬರುವ ಹಂಗಾಮಿನ ಮುಂಚೆಯೋ ಹೇಳುವುದು ಕಷ್ಟ. ‘ಅಕಾಲಿಕ’ ಎಂಬ ಪದವನ್ನು ಅಂಥದ್ದಕ್ಕೆ ಉಳಿಸಿಕೊಳ್ಳೋಣ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಮತ್ತೆ ಹೇಳಿದೆ: "ಜೂನ್ ಬಂದಮೇಲೆ ಏಳಬೇಕಾದ ಗಾಳಿ ಮೇನಲ್ಲೇ ಎದ್ದಿದೆ." ತಕ್ಷಣ ಕೇಳಿದರು: "ಅವಳ ಮನೆ ಕಿಟಕಿ ಗಟ್ಟಿ ಉಂಟಾ?"

ಈಗ ನನ್ನ ಪ್ರಶ್ನೆ. ಮುನ್ (ಮುಂಚೆ) ಮತ್ತು ಕಾರು (ಮಳೆಗಾಲ) ಸೇರಿ ‘ಮುಂಗಾರು’ ಆದ ಹಾಗೆ, ಹಂಗಾಮಿಗೆ ಮುಂಚೆ ಏಳುವ ಗಾಳಿಗೆ ‘ಮುಂಗಾಳಿ’ ಅನ್ನಬಹುದೇ? ಎದುರಿಗೆ ಬೀಸುವ ಗಾಳಿ ಅಂತ ಯಾರಾದರೂ ತಪ್ಪು ತಿಳಿದಾರು ಎಂಬ ಅಳುಕಿದೆ. ಕಾರವಾರದಿಂದ ಮಂಗಳೂರಿನವರೆಗೆ ಕಡಲಿಗೆ ಇಳಿಯುವವರ ಮನೆಗಳಲ್ಲಿ ಇಂಥ ಗಾಳಿಗೆ ಬೇರೆ ಹೆಸರಿದ್ದರೆ, ಕೇಳಿದ ಹಾಗೇ ಬರೆದು ಕಳಿಸಿ. ಯಾವ ಊರು ಎಂಬುದನ್ನೂ ಸೇರಿಸಿ.