ರೇಡಿಯೇಟರಿಗೆ ಬಲೆ ಕಟ್ಟಿದ ಮೇಲೆ ಜೀಪು ಕುದಿಯುತ್ತಿದೆ, ಏನು ಮಾಡಲಿ?

ಪೆರ್ಲದ ತೋಟದವ:
ನಮ್ಮ ಮನೆಯಿಂದ ಡಾಮರು ರಸ್ತೆಗೆ ಒಂದೂವರೆ ಕಿಲೋಮೀಟರ್ ಮುರಕಲ್ಲಿನ (ಜಂಬಿಟ್ಟಿಗೆಯ) ಏರು. ಅಡಿಕೆ ಹೇರಿದರೆ ಅಷ್ಟನ್ನೂ ಮೊದಲ ಗೇರಿನಲ್ಲೇ ಹತ್ತಬೇಕು. ಜೀಪು ಡೀಸೆಲ್, ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಕಿರಿಯದು.

ಕಳೆದ ಮಳೆಗಾಲದಲ್ಲಿ ದಾರಿಗೆ ಬಿದ್ದಿದ್ದ ಮರದ ಗೆಲ್ಲೊಂದು ಮುಂದಿನ ಸಂದಿಯಿಂದ ನುಗ್ಗಿ ರೇಡಿಯೇಟರಿನ ಕೊಳವೆ ಒಡೆಯಿತು. ಬೆಸುಗೆ ಹಾಕಿಸಿದೆ. ಇನ್ನೊಮ್ಮೆ ಹಾಗಾಗಬಾರದು, ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಬೀಜದ ಹತ್ತಿಯೂ ಒಳಗೆ ಹೋಗಬಾರದು ಎಂದು, ಅಡಿಕೆ ಸಸಿಗಳಿಗೆ ತಂದು ಉಳಿದಿದ್ದ ಹಸಿರು ಶೇಡ್ ನೆಟ್ಟನ್ನು ಎರಡು ಮಡಿಕೆ ಮಾಡಿ ರೇಡಿಯೇಟರಿನ ಮೈಗೇ ಬಿಗಿದೆ. ಕೆಲಸ ನೋಡಲು ಅಚ್ಚುಕಟ್ಟಾಗಿತ್ತು. ಮಳೆ ಇರುವಷ್ಟು ದಿನ ತೊಂದರೆಯೂ ಕಾಣಲಿಲ್ಲ. ಈಗ ಫೆಬ್ರವರಿಯ ಬಿಸಿಲಿಗೆ, ಅರ್ಧ ಏರು ಮುಗಿಯುವಾಗಲೇ ಬಿಸಿ ತೋರಿಸುವ ಸೂಚಿ ಕೆಂಪಿಗೆ ಹೋಗುತ್ತದೆ.

ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ, ಅದೇ ಥರ್ಮೋಸ್ಟಾಟ್, ತೆಗೆದು ಬಿಸಾಡು ಎಂದು ಭಾವ ಹೇಳುತ್ತಾರೆ. ಭಾವನಿಗೆ ಎಲ್ಲವನ್ನೂ ತೆಗೆದು ಬಿಸಾಡುವ ಚಟ, ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ರೇಡಿಯೇಟರಿಗೆ ಹಾಕುವುದು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮದೇ ಸುರಂಗದ ನೀರು. ಕುಡಿಯಲು ಅದಕ್ಕಿಂತ ಒಳ್ಳೆಯ ನೀರು ಸಿಗದು, ಹಾಗಾಗಿ ನೀರಿನದು ತಪ್ಪಿಲ್ಲ.

ಮುಳ್ಳೇರಿಯದ ಮೆಕ್ಯಾನಿಕ್:
ಎರಡು ಪ್ರಶ್ನೆ. ವಿಟ್ಲದ ಕಡೆಗೆ ಡಾಮರಿನಲ್ಲಿ ನಲವತ್ತರ ವೇಗದಲ್ಲಿ ಹೋದಾಗಲೂ ಬಿಸಿಯಾಗುತ್ತದೆಯೇ? ಶೇಡ್ ನೆಟ್ ಎಷ್ಟು ಶೇಕಡಾದ್ದು?

ಪೆರ್ಲದ ತೋಟದವ:
ಡಾಮರಿನಲ್ಲಿ ಇಲ್ಲ. ಅಡ್ಕಸ್ಥಳ ದಾಟುವಷ್ಟರಲ್ಲಿ ಸೂಚಿ ತಾನಾಗಿಯೇ ಇಳಿಯುತ್ತದೆ. ನೆಟ್ಟು 75 ಶೇಕಡಾದ್ದು.

ಮುಳ್ಳೇರಿಯದ ಮೆಕ್ಯಾನಿಕ್:
ಮುಕ್ಕಾಲು ಪಾಲು ನೆರಳು ಕೊಡುವ ನೆಟ್ಟು ಎಂದರೆ ಕಾಲು ಪಾಲು ಮಾತ್ರ ತೆರವು, ಮಾರಾಯರೇ. ಅದನ್ನು ಎರಡು ಮಡಿಕೆ ಮಾಡಿದ್ದೀರಿ. ಸಸಿಗೆ ಸರಿ, ರೇಡಿಯೇಟರಿಗೆ ಅದು ಕಂಬಳಿ. ಓಡುವಾಗ ಎದುರುಗಾಳಿ ಹೇಗೋ ನುಗ್ಗುತ್ತದೆ. ಮೊದಲ ಗೇರಿನ ಏರಿನಲ್ಲಿ ಎದುರುಗಾಳಿ ಇಲ್ಲ, ಫ್ಯಾನ್ ಎಳೆದಷ್ಟೇ ಗಾಳಿ. ಹಾಗಾಗಿ ನಿಧಾನಕ್ಕೆ ಹತ್ತುವಾಗ ಬಿಸಿ, ಓಡಿದಾಗ ತಂಪು ಎಂದರೆ ನಾನು ಮೊದಲು ನೋಡುವುದು ಗಾಳಿಯ ದಾರಿಯನ್ನು. ಅದರ ಉಲ್ಟಾ ಆಗಿದ್ದರೆ, ಅಂದರೆ ಓಡಿದಷ್ಟೂ ಬಿಸಿ ಏರಿದರೆ, ರೇಡಿಯೇಟರಿನ ಒಳಗಿನ ಕೊಳವೆ ಕಟ್ಟಿದೆ ಅಥವಾ ನೀರಿನ ಪಂಪ್ ಸೋತಿದೆ ಎಂಬ ಸಂಶಯ ಬರುತ್ತಿತ್ತು.

ನೆಟ್ಟು ತೆಗೆಯಿರಿ. ಎಂಜಿನ್ ತಣಿದ ಮೇಲೆ ಪೈಪಿನ ನೀರನ್ನು ಫ್ಯಾನಿನ ಕಡೆಯಿಂದ ಹೊರಕ್ಕೆ ಬಿಡಿ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಕೂರುತ್ತದೆ. ವಾಹನ ತೊಳೆಯುವ ಅಂಗಡಿಯ ಜೋರು ನೀರು ಬೇಡವೇ ಬೇಡ, ರೇಡಿಯೇಟರಿನ ಕೊಳವೆಗಳ ನಡುವಿನ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮಡಚಿದ ರೆಕ್ಕೆಯೂ ಕಟ್ಟಿದ ರೆಕ್ಕೆಯೂ ಒಂದೇ.

ಗೆಲ್ಲು ತಡೆಯಲು ಗಟ್ಟಿ ಸರಿಗೆಯ ಬಲೆ ಸಾಕು. ಒಂದು ಮಿಲಿಮೀಟರ್ ಸರಿಗೆ, ಆರು ಮಿಲಿಮೀಟರ್ ಕಣ್ಣು ಇದ್ದರೆ ಲೆಕ್ಕಕ್ಕೆ 73 ಶೇಕಡಾ ತೆರವು ಸಿಗುತ್ತದೆ. ಅದನ್ನು ರೇಡಿಯೇಟರಿಗೆ ತಾಗಿಸಬೇಡಿ, ಮುಂದಿನ ಗ್ರಿಲ್ಲಿನ ಹಿಂಬದಿಗೆ ಕೂರಿಸಿ. ತಾಗಿಸಿದರೆ ಬಲೆಯೇ ಉಜ್ಜಿ ಉಜ್ಜಿ ಕೊಳವೆ ತೂತು ಮಾಡುತ್ತದೆ. ಫ್ಯಾನಿನ ಸುತ್ತ ತಗಡಿನ ಕವಚ ಇದೆಯೇ ನೋಡಿ. ಹಳೆಯ ಜೀಪುಗಳಲ್ಲಿ ರಿಪೇರಿಗೆಂದು ಬಿಚ್ಚಿದವರು ಮತ್ತೆ ಹಾಕಿರುವುದಿಲ್ಲ. ಅದಿಲ್ಲದಿದ್ದರೆ ಫ್ಯಾನ್ ಎಂಜಿನ್ ಕಡೆಯ ಬಿಸಿಗಾಳಿಯನ್ನೇ ಸುತ್ತಿಸುತ್ತಾ ಇರುತ್ತದೆ.

ಥರ್ಮೋಸ್ಟಾಟ್ ಮುಟ್ಟಬೇಡಿ. ಡೀಸೆಲ್ ಎಂಜಿನ್ ತಣ್ಣಗೇ ಓಡಿದರೆ ಸವೆತ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಬಿಸಿ ಇನ್ನೂ ಏರುತ್ತದೆ. ಸಂಶಯವಿದ್ದರೆ ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ತೂಗುಹಾಕಿ. 82 ಎಂದು ಅಚ್ಚಾಗಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು.

ಸುರಂಗದ ನೀರಿನ ಮಾತು. ಮುರಕಲ್ಲಿನ ನೀರು ಮೆದು, ಬಿಳಿ ಗಸಿ ಕಟ್ಟುವುದಿಲ್ಲ, ನಿಜ. ಆದರೆ ಅದರಲ್ಲಿ ತುಸು ಆಮ್ಲದ ಗುಣ ಇರುತ್ತದೆ, ಬರಿದೇ ಹಾಕಿದರೆ ಕಬ್ಬಿಣ ತಿನ್ನುತ್ತದೆ. ಮುಚ್ಚಳ ತೆಗೆದಾಗ ಒಳಗೆ ಚಹಾದ ಬಣ್ಣ ಕಾಣುತ್ತಿದ್ದರೆ ನಾನು ಹೇಳುವುದು ಇದನ್ನೇ. ಬ್ಯಾಟರಿಗೆ ಹಾಕುವ ನೀರು ಅರ್ಧ, ತುಕ್ಕು ತಡೆಯುವ ಕೂಲೆಂಟ್ ಅರ್ಧ ಹಾಕಿ. ಮುಚ್ಚಳದ ರಬ್ಬರನ್ನೂ ನೋಡಿ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಬರಿ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಹರಿದಿದ್ದರೆ ನೂರಕ್ಕೇ ಉಕ್ಕುತ್ತದೆ. ಬಿಸಿ ಇರುವಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಡಿ, ನನ್ನ ಎಡಗೈಯ ಕಲೆ ಅದರದ್ದೇ.

ಬದಿಯಡ್ಕದ ನಿವೃತ್ತ ಯೋಧ:
ಕಾಶ್ಮೀರದಲ್ಲಿದ್ದಾಗ ಹಿಮದ ಮೇಲೆ ಓಡುವ ಸ್ನೋಮೊಬೈಲ್ ನೋಡಿದ್ದೇನೆ. ಅದರ ಕಷ್ಟ ನಿಮ್ಮದಕ್ಕೆ ತದ್ವಿರುದ್ಧ. ನೀರಿನಿಂದ ತಣಿಯುವ ಹೆಚ್ಚಿನವುಗಳಲ್ಲಿ ಮುಂದೆ ರೇಡಿಯೇಟರ್ ಇರುವುದಿಲ್ಲ. ಸೀಟಿನ ಕೆಳಗೆ ರಬ್ಬರಿನ ಪಟ್ಟಿ ತಿರುಗುವ ಗೂಡಿನ ಮಾಡಿಗೆ ಅಲ್ಯೂಮಿನಿಯಂ ನಾಳಗಳಿರುತ್ತವೆ. ಪಟ್ಟಿ ಎರಚುವ ಹಿಮವೇ ಅವನ್ನು ತಣಿಸಬೇಕು. ಗಟ್ಟಿ ಮಂಜುಗಡ್ಡೆಯ ದಾರಿ ಸಿಕ್ಕಿತೋ, ಎರಚಲು ಪುಡಿಯೇ ಇಲ್ಲ. ಸುತ್ತ ಕೊರೆಯುವ ಚಳಿ, ಗಾಡಿ ಮಾತ್ರ ಕುದಿಯುತ್ತದೆ! ಅದಕ್ಕೆಂದು ಸ್ಪ್ರಿಂಗಿನಂಥ ಕಡ್ಡಿಗಳನ್ನು ಕೆಳಗೆ ಎಳೆಯಲು ಬಿಟ್ಟು ಮಂಜುಗಡ್ಡೆ ಕೆರೆಯುತ್ತಾರೆ. ಕೆರೆದ ಪುಡಿ ಹಾರಿ ನಾಳಕ್ಕೆ ಬೀಳುತ್ತದೆ. ಗಾಳಿಕಿಂಡಿಗೆ ಪುಡಿಹಿಮ ನುಗ್ಗದಂತೆ ಜಾಲರಿ ಹಾಕುವವರೂ ಇದ್ದಾರೆ. ಅದೂ ಹಿಮ ಅಂಟಿದರೆ ಉಸಿರು ಕಟ್ಟುತ್ತದೆ, ಆದರೆ ಹೊರಗೇ ಇರುವುದರಿಂದ ಕೈಗವಸಿನಲ್ಲಿ ಒರೆಸಿ ಮುಂದೆ ಹೋಗಬಹುದು. ನಿಮ್ಮ ಬಲೆಯನ್ನೂ ಕೈಗೆ ಸಿಗುವ ಕಡೆ, ಸ್ಕ್ರೂ ಬಿಚ್ಚದೆ ಎತ್ತುವ ಹಾಗೆ ಕೂರಿಸಿ.

ಪೆರ್ಲದ ತೋಟದವ:
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ನೆಟ್ಟಿನ ಹಿಂದೆ ಒಂದು ಬೊಗಸೆ ಹತ್ತಿ, ಕೆಂಪು ಧೂಳಿನೊಂದಿಗೆ ಕಂಬಳಿಯಾಗಿಯೇ ಕೂತಿತ್ತು. ಫ್ಯಾನಿನ ಕವಚ ಇರಲಿಲ್ಲ. ಹುಡುಕಿದರೆ ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿತು, ಬಿಸಾಡಿದ್ದು ಯಾರೆಂದು ಹೇಳಬೇಕಾಗಿಲ್ಲ. ನೀರು ಚಹಾ ಅಲ್ಲ, ಕಷಾಯದ ಬಣ್ಣ. ಮೂರು ಸಲ ಚೆಲ್ಲಿ ತೊಳೆದು ಕೂಲೆಂಟ್ ತುಂಬಿದೆ. ಸರಿಗೆಯ ಬಲೆಗೆ ಚೌಕಟ್ಟು ಕಟ್ಟಿ, ಕಿಟಕಿಯ ಚಿಲಕ ಎರಡು ಹಾಕಿ, ಎತ್ತಿ ತೆಗೆಯುವ ಹಾಗೆ ಮಾಡಿದ್ದೇನೆ. ನಿನ್ನೆ ಮಧ್ಯಾಹ್ನ ಆರು ಚೀಲ ಅಡಿಕೆಯೊಂದಿಗೆ ಏರು ಹತ್ತಿದೆ, ಸೂಚಿ ಅರ್ಧ ದಾಟಲಿಲ್ಲ.

ಬೀಜದ ಹತ್ತಿ ಆರು ಮಿಲಿಮೀಟರ್ ಕಣ್ಣಿನಲ್ಲಿ ನುಸುಳುತ್ತಲೇ ಇದೆ. ಬೀಜ ಮುಗಿಯುವವರೆಗೆ ವಾರಕ್ಕೊಮ್ಮೆ ಪೈಪು ಹಿಡಿಯುತ್ತೇನೆ. ತೆಗೆದ ಶೇಡ್ ನೆಟ್ಟನ್ನು ಅಮ್ಮ ಒಳ್ಳೆಮೆಣಸು ಒಣಗಿಸಲು ಒಯ್ದರು.