ಇಬ್ಬರೇ, ಒಂದು ಬೈಕು, ಒಂದು ದಿನ: ಉಡುಪಿಯಿಂದ ಕಡಲ ಬದಿಯಲ್ಲಿ

ಕೇಳಿದ್ದು

ನಾವು ಹಾಸನದ ಕಡೆಯವರು. ಕೆಲಸದ ಮೇಲೆ ಉಡುಪಿಗೆ ಬಂದು ಎಂಟು ತಿಂಗಳಾಯ್ತು. ಡಿಸೆಂಬರಿನ ಒಂದು ಭಾನುವಾರ ನಾನು, ನನ್ನ ಹೆಂಡತಿ ಬೈಕಲ್ಲಿ ಹೊರಡಬೇಕು ಅಂತಿದ್ದೇವೆ. 150 ಸಿಸಿ ಬೈಕು. ಮುರುಡೇಶ್ವರಕ್ಕೆ ಹೋಗಿ, ಬರುವಾಗ ಮರವಂತೆಯಲ್ಲಿ ಸೂರ್ಯಾಸ್ತ ನೋಡಿ, ರಾತ್ರಿ ಮನೆ ಸೇರುವ ಯೋಚನೆ. ಅವಳಿಗೆ ಜಾಸ್ತಿ ಹೊತ್ತು ಬೈಕಿನ ಹಿಂದೆ ಕೂತು ಅಭ್ಯಾಸ ಇಲ್ಲ. ಅವಳು ಮೀನು ತಿನ್ನುವುದಿಲ್ಲ, ನಾನು ತಿನ್ನುತ್ತೇನೆ. ಹೋಗಿ ಬಂದವರು ಹೇಳಿ, ಹೀಗೆ ಮಾಡಿದರೆ ಆಗುತ್ತಾ?

ಬ್ರಹ್ಮಾವರದಿಂದ

ಆಗುತ್ತದೆ. ಆದರೆ ಆರಾಮ ಆಗುವುದಿಲ್ಲ. ಉಡುಪಿಯಿಂದ ಮುರುಡೇಶ್ವರ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಹೋಗಿ ಬಂದರೆ ಇನ್ನೂರು. ಓಡಿಸುವವರಿಗೆ ಇನ್ನೂರು ದೊಡ್ಡದಲ್ಲ. ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಮುಂದಿನ ಗುಂಡಿ ಕಾಣುತ್ತದೆ, ಮೈ ಅದಕ್ಕೆ ತಯಾರಾಗಿರುತ್ತದೆ. ಹಿಂದೆ ಕೂತವರಿಗೆ ಅದು ಯಾವುದೂ ಇಲ್ಲ. ನಾನು ಹತ್ತೊಂಬತ್ತು ವರ್ಷದಿಂದ ಹೆಂಡತಿಯನ್ನು ಕೂರಿಸಿಕೊಂಡು ಈ ರಸ್ತೆಯಲ್ಲಿ ಓಡಾಡುತ್ತಿದ್ದೇನೆ. ಎಷ್ಟು ದೂರ ಹೋಗಬೇಕು ಅನ್ನುವುದನ್ನು ಹಿಂದಿನ ಸೀಟು ತೀರ್ಮಾನ ಮಾಡಬೇಕು. ಇದು ನನಗೆ ಅರ್ಥವಾಗಲು ನಾಲ್ಕೈದು ವರ್ಷ ಹಿಡಿಯಿತು. ಅಷ್ಟೂ ವರ್ಷ ಅವಳು ಸೊಂಟ ಹಿಡಿದುಕೊಂಡೇ ಬೈಕಿಂದ ಇಳಿಯುತ್ತಿದ್ದಳು.

ಮುರುಡೇಶ್ವರವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ರೈಲಿನಲ್ಲೂ ಹೋಗಬಹುದು. ಈ ಸಲ ಮರವಂತೆಯೇ ಕೊನೆಯ ಊರಾಗಲಿ. ಉಡುಪಿಯಿಂದ ಐವತ್ತು ಕಿಲೋಮೀಟರ್ ಆಗುತ್ತದೆ. ಒಳದಾರಿಗಳನ್ನೂ ಸೇರಿಸಿದರೆ ಇಡೀ ದಿನದ್ದು ನೂರಿಪ್ಪತ್ತೈದು, ನೂರಮೂವತ್ತು. ಅಷ್ಟು ಸಾಕು.

ಇನ್ನೊಂದು ಮಾತು. ಎಲ್ಲರೂ ಮರವಂತೆಗೆ ಸೂರ್ಯಾಸ್ತಕ್ಕೇ ಹೋಗುತ್ತಾರೆ. ನೀವು ಬೆಳಿಗ್ಗೆ ಹೋಗಿ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಆಮೇಲೆ ಐವತ್ತು ಕಿಲೋಮೀಟರ್ ಹೈವೇಯಲ್ಲಿ ಕತ್ತಲಲ್ಲಿ ಬರಬೇಕು. ಎದುರಿನ ಬಸ್ಸುಗಳ ಹೈ ಬೀಮ್ ಕಣ್ಣಿಗೆ ಹೊಡೆಯುತ್ತದೆ. ಡಿವೈಡರ್ ಇದ್ದರೂ ರಾಂಗ್ ಸೈಡಲ್ಲಿ ಬರುವ ಗಾಡಿಗಳಿವೆ. ದನಗಳು ರಸ್ತೆಯಲ್ಲೇ ಮಲಗಿರುತ್ತವೆ. ಇಡೀ ದಿನದ ಖುಷಿ ಆ ಒಂದೂವರೆ ಗಂಟೆಯಲ್ಲಿ ಇಳಿದು ಹೋಗುತ್ತದೆ. ದೂರದ ಜಾಗ ಬೆಳಿಗ್ಗೆ, ಹತ್ತಿರದ್ದು ಸಂಜೆ. ನಾವು ಹೋಗುವುದು ಹಾಗೆಯೇ.

ಆರೂಕಾಲಿಗೆ ಹೊರಡಿ. ಇನ್ನೂ ನಸುಕು ಇರುತ್ತದೆ, ಗಾಳಿ ತಂಪಾಗಿರುತ್ತದೆ, ರಸ್ತೆ ಖಾಲಿ. ಸಂತೆಕಟ್ಟೆ, ಬ್ರಹ್ಮಾವರ, ಸಾಲಿಗ್ರಾಮ, ಕೋಟ ದಾಟಿ ಕುಂದಾಪುರ. ಐವತ್ತರ ಮೇಲೆ ಹೋಗಬೇಡಿ. ಹೋಗುವಾಗ ಎಲ್ಲೂ ಜಾಸ್ತಿ ನಿಲ್ಲಬೇಡಿ, ಅದೆಲ್ಲ ಬರುವಾಗಿನ ಕೆಲಸ. ಅರಾಟೆ ಸೇತುವೆ, ಮುಳ್ಳಿಕಟ್ಟೆ, ತ್ರಾಸಿ ಕಳೆದ ಮೇಲೆ ಎಡಗಡೆ ಕಡಲು ತೆರೆದುಕೊಳ್ಳುತ್ತದೆ. ಬಲಗಡೆ ರಸ್ತೆಯ ಆಚೆಗೇ ಸೌಪರ್ಣಿಕಾ ನದಿ. ಕೊಡಚಾದ್ರಿಯ ಕಡೆಯಿಂದ ಕೊಲ್ಲೂರಿನ ಮೇಲೆ ಹರಿದು ಬಂದ ನದಿ ಇಲ್ಲಿ ಕಡಲಿಗೆ ಒಂದು ರಸ್ತೆಯಷ್ಟೇ ದೂರದವರೆಗೆ ಬಂದು, ಸೇರದೆ ಮತ್ತೆ ತಿರುಗಿ, ಗಂಗೊಳ್ಳಿಗೆ ಹೋಗಿ ಸೇರುತ್ತದೆ.

ಸಂಜೆ ಬಂದವರು ಕಡಲನ್ನೇ ನೋಡುತ್ತಾರೆ, ನದಿಗೆ ಬೆನ್ನು ಹಾಕಿರುತ್ತಾರೆ. ಬೆಳಿಗ್ಗೆ ಏಳೂವರೆಗೆ ನದಿಯ ಕಡೆ ಹೋಗಿ ನಿಂತು ನೋಡಿ. ಮುಂದೆ ಹೋಗಿ ಯೂ ಟರ್ನ್ ಮಾಡಿಕೊಂಡು ಬಂದರೆ ನದಿ ನಿಮ್ಮ ಎಡಕ್ಕೇ ಸಿಗುತ್ತದೆ. ಘಟ್ಟದ ಮೇಲಿಂದ ಬಿಸಿಲು ಬರುತ್ತಿರುತ್ತದೆ, ನೀರಿನ ಮೇಲೆ ತೆಳುವಾಗಿ ಮಂಜು. ಹೋದ ವರ್ಷ ನಾವು ನಿಂತಿದ್ದಾಗ ಒಬ್ಬರು ಸಣ್ಣ ದೋಣಿಯಲ್ಲಿ ನಿಂತು ಬಲೆ ಎಳೆಯುತ್ತಿದ್ದರು. ಬಲೆಯಿಂದ ನೀರು ತೊಟ್ಟಿಕ್ಕುವ ಸದ್ದು ನಮಗೆ ಕೇಳುತ್ತಿತ್ತು. ಬೆನ್ನ ಹಿಂದೆ ಅಲೆಯ ಸದ್ದು. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಾಕಿ ಇಬ್ಬರೂ ಒಂದೊಂದು ಗುಟುಕು ಕುಡಿದೆವು. ಅರ್ಧ ಗಂಟೆ ಮಾತೇ ಆಡಲಿಲ್ಲ. ನನ್ನ ಹೆಂಡತಿ ಈಗಲೂ ಮರವಂತೆ ಅಂದರೆ ಆ ಬೆಳಿಗ್ಗೆಯನ್ನೇ ಹೇಳುತ್ತಾಳೆ.

ಅಲ್ಲೇ ವರಾಹಸ್ವಾಮಿ ದೇವಸ್ಥಾನ ಇದೆ, ಮಹಾರಾಜಸ್ವಾಮಿ ಅಂತಲೂ ಕರೆಯುತ್ತಾರೆ. ಎದುರಿಗೆ ಕಡಲು, ಹಿಂದೆ ನದಿ. ಒಳಗೆ ಹೋಗಿ ಐದು ನಿಮಿಷ ಕೂತು ಬನ್ನಿ.

ಬೈಕನ್ನು ಮರಳಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ಬಿಟ್ಟು ಹೋಗಬೇಡಿ. ಹಾಕುವಾಗ ಗಟ್ಟಿ ಅನ್ನಿಸುತ್ತದೆ, ಹತ್ತು ನಿಮಿಷದಲ್ಲಿ ಸ್ಟ್ಯಾಂಡ್ ಒಳಗೆ ಇಳಿದು ಬೈಕು ಮಗುಚುತ್ತದೆ. ಚಪ್ಪಟೆ ಕಲ್ಲೋ ತೆಂಗಿನ ಚಿಪ್ಪೋ ಕೆಳಗಿಟ್ಟರೆ ನಿಲ್ಲುತ್ತದೆ. ನಮ್ಮ ಬ್ಯಾಗಿನಲ್ಲಿ ಒಂದು ಸಣ್ಣ ಹಲಗೆ ತುಂಡು ಯಾವಾಗಲೂ ಇರುತ್ತದೆ.

ಮಣಿಪಾಲದಿಂದ, ಹಿಂದಿನ ಸೀಟಿನವಳು

ಮೇಲಿನವರು ಹೇಳಿದ್ದು ಪೂರ್ತಿ ಸರಿ. ನಾನು ನಿಮ್ಮ ಹೆಂಡತಿಗೆ ನೇರವಾಗಿ ಹೇಳುತ್ತೇನೆ. ಇದನ್ನು ಅವರಿಗೇ ಓದಲು ಕೊಡಿ.

ಬ್ಯಾಗನ್ನು ನೀವು ಬೆನ್ನಿಗೆ ಹಾಕಿಕೊಳ್ಳಬೇಡಿ. ಹೊರಡುವಾಗ ಹಗುರ ಇರುತ್ತದೆ, ಒಂದು ಗಂಟೆ ಆಗುವಷ್ಟರಲ್ಲಿ ಭುಜ ಕೀಳುತ್ತದೆ. ಟ್ಯಾಂಕಿನ ಮೇಲೆ ಅಥವಾ ಪಕ್ಕದಲ್ಲಿ ಕಟ್ಟಲು ಹೇಳಿ. ಸೀರೆ ಬೇಡ, ಒಂದೇ ಕಡೆ ಕಾಲು ಹಾಕಿ ಕೂರುವುದು ಬೇಡವೇ ಬೇಡ. ಚೂಡಿದಾರ್ ಹಾಕಿದರೆ ದುಪಟ್ಟಾ ಮನೆಯಲ್ಲೇ ಬಿಡಿ. ನನ್ನ ದುಪಟ್ಟಾದ ತುದಿ ಒಮ್ಮೆ ಚೈನಿಗೆ ಸಿಕ್ಕಿತ್ತು. ನಿಧಾನ ಹೋಗುತ್ತಿದ್ದೆವು, ಬಟ್ಟೆ ಹರಿಯಿತು, ಅಷ್ಟಕ್ಕೇ ಮುಗಿಯಿತು. ಅವತ್ತಿನಿಂದ ನಾನು ಬೈಕಿನಲ್ಲಿ ದುಪಟ್ಟಾ ಹಾಕಿಲ್ಲ. ಕೂದಲು ಜಡೆ ಹಾಕಿ ಒಳಗೆ ಸೇರಿಸಿ. ಹೆಲ್ಮೆಟ್ ನಿಮ್ಮದೇ ಅಳತೆಯದ್ದು ಇರಲಿ, ಗಂಡನ ಹಳೆಯದ್ದು ಬೇಡ.

ತೋಳು ಪೂರ್ತಿ ಮುಚ್ಚುವ ಹತ್ತಿಯ ಬಟ್ಟೆ ಹಾಕಿ. ಡಿಸೆಂಬರ್ ಆದರೂ ಹನ್ನೊಂದರ ಮೇಲೆ ನಮ್ಮ ಕರಾವಳಿಯ ಬಿಸಿಲು ಜೋರು. ವಾಪಸ್ ಬರುವಾಗ ಮಧ್ಯಾಹ್ನದ ಬಿಸಿಲು ಇಡೀ ದಾರಿ ಬಲಗಡೆಯಿಂದಲೇ ಬೀಳುತ್ತದೆ. ನನ್ನ ಬಲಗೈ ಎಡಗೈಗಿಂತ ಕಪ್ಪಾಗಿ ವಾರ ಪೂರ್ತಿ ಹಾಗೇ ಇತ್ತು.

ಯಾರೂ ಹೇಳದ ವಿಷಯ ಒಂದಿದೆ, ಶೌಚಾಲಯ. ಬೀಚಿನ ಹತ್ತಿರ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಅದಕ್ಕೆ ಹೆದರಿ ನೀರು ಕುಡಿಯದೆ ಕೂರುವುದು ಇನ್ನೂ ಕೆಟ್ಟದ್ದು. ನಾನು ಹಾಗೆ ಮಾಡಿ ಸಂಜೆ ಹೊತ್ತಿಗೆ ತಲೆನೋವಿನಿಂದ ಮಲಗಿದ್ದೆ. ಕುಂದಾಪುರದಲ್ಲಿ ಒಂದು ಒಳ್ಳೆಯ ಹೋಟೆಲಿಗೆ ಹೋಗುವಾಗಲೂ ಬರುವಾಗಲೂ ನಿಲ್ಲಿಸಿ. ಒಂದು ಕಾಫಿ ಕುಡಿದರೆ ಆ ಕೆಲಸವೂ ಆಗುತ್ತದೆ.

ನಮ್ಮಿಬ್ಬರ ನಡುವೆ ಒಂದು ಲೆಕ್ಕ ಇದೆ. ಭುಜಕ್ಕೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸಿ. ಗಾಳಿಯಲ್ಲಿ ಕೂಗಿ ಹೇಳುವ ಕಷ್ಟ ಇಲ್ಲ. ಎರಡು ಸಲ ತಟ್ಟಿದ ಮೇಲೆ ಇವರು ಯಾಕೆ ಅಂತ ಕೇಳುವುದಿಲ್ಲ, ಜಾಗ ನೋಡಿ ನಿಲ್ಲಿಸುತ್ತಾರೆ. ಒಮ್ಮೆ ಗೂಡಂಗಡಿ ಮುಂದೆ ನೇತು ಹಾಕಿದ್ದ ಬಾಳೆಗೊನೆ ನೋಡಿ ತಟ್ಟಿದ್ದೆ. ಆಗಲೂ ನಿಲ್ಲಿಸಿದರು.

ಕಾಪುವಿನಿಂದ

ಒಂದೇ ವಿಷಯ ಹೇಳುತ್ತೇನೆ, ಮೀನಿನ ಲಾರಿ. ಅದರ ಹಿಂದೆ ಹೋಗಬೇಡಿ. ಐಸ್ ಕರಗಿದ ನೀರು ರಸ್ತೆ ಮೇಲೆ ಸುರಿಯುತ್ತಾ ಹೋಗುತ್ತದೆ. ಅದರಲ್ಲಿ ಮೀನಿನ ಜಿಡ್ಡು ಇರುತ್ತದೆ. ನೋಡಲು ಸುಮ್ನೆ ನೀರು ಚೆಲ್ಲಿದ ಹಾಗೆ ಕಾಣುತ್ತದೆ. ಎರಡು ವರ್ಷದ ಹಿಂದೆ ಒಂದು ತಿರುವಿನಲ್ಲಿ ನಾನು ಮುಂದಿನ ಬ್ರೇಕ್ ಹಿಡಿದದ್ದೇ, ಬೈಕು ಕೆಳಗೆ, ನಾವಿಬ್ಬರೂ ಕೆಳಗೆ. ನನಗೆ ಏನೂ ಆಗಲಿಲ್ಲ. ಅವಳ ಮೊಣಕೈ ಸುಲಿದು ಹೋಯಿತು, ಮೂರು ವಾರ ಬ್ಯಾಂಡೇಜ್. ವೇಗ ಮೂವತ್ತರ ಒಳಗಿತ್ತು. ಅವಳ ತಲೆಯ ಮೇಲೆ ಹೆಲ್ಮೆಟ್ ಇದ್ದದ್ದನ್ನು ನೆನೆದು ಈಗಲೂ ಕೈ ಮುಗಿಯುತ್ತೇನೆ.

ರಸ್ತೆಯಲ್ಲಿ ಕಪ್ಪಾಗಿ ಉದ್ದಕ್ಕೆ ಹಸಿ ಗೆರೆ ಕಂಡರೆ ಪಕ್ಕದ ಒಣ ಜಾಗಕ್ಕೆ ಬನ್ನಿ. ಅದರ ಮೇಲೆ ಹೋಗಲೇಬೇಕಾದರೆ ಬೈಕು ನೇರ ಇರಲಿ, ಬ್ರೇಕ್ ಮುಟ್ಟಬೇಡಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಬಂದರಿನ ರಸ್ತೆ ಹೈವೇಗೆ ಸೇರುವ ಕಡೆ ಇದು ಜಾಸ್ತಿ. ಬೀಚ್ ರಸ್ತೆಯಲ್ಲಿ ಗಾಳಿಗೆ ಬಂದು ಬಿದ್ದ ಮರಳಿಗೂ ಇದೇ ಮಾತು.

ಕುಂದಾಪುರದಿಂದ

ಎಂತ ಮಾರ್ರೆ, ಊಟದ ಮಾತು ಯಾರೂ ಎತ್ತಲಿಲ್ಲವಲ್ಲ!

ತಿಂಡಿಗೆ ಬನ್ಸ್. ನಿಮ್ಮ ಕಡೆಯ ಬೇಕರಿ ಬನ್ ಅಲ್ಲ ಇದು. ಕಳಿತ ಬಾಳೆಹಣ್ಣು, ಮೈದಾ, ಮೊಸರು ಕಲಸಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಕರಿಯುತ್ತಾರೆ. ಸ್ವಲ್ಪ ಸಿಹಿ, ಒಳಗೆ ಜೀರಿಗೆ. ಬಿಸಿ ಇರುವಾಗ ಮುರಿದರೆ ಒಳಗೆ ಬಲೆಯ ಹಾಗೆ ಕಾಣಬೇಕು, ಆಗ ಅದು ಒಳ್ಳೆ ಬನ್ಸ್. ಮರವಂತೆಯಿಂದ ವಾಪಸ್ ಬಂದು ಒಂಬತ್ತು ಗಂಟೆಗೆ ತಿನ್ನಿ. ಹೊಟ್ಟೆ ತುಂಬಿಸಿಕೊಂಡು ಹೊರಟರೆ ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ.

ಆಮೇಲೆ ಕೋಡಿಗೆ ಹೋಗಿ. ಪಂಚಗಂಗಾವಳಿ ಕಡಲು ಸೇರುವ ಜಾಗ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದೂ ನದಿಯ ನೀರು ಅಲ್ಲಿಂದ ಹೊರಗೆ ಹೋಗುತ್ತದೆ. ಎದುರಿಗೆ ಗಂಗೊಳ್ಳಿ. ಕೂಗಿದರೆ ಕೇಳುವಷ್ಟು ಹತ್ತಿರ ಅನ್ನಿಸುತ್ತದೆ, ಆದರೆ ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿಯ ಕಡೆಯಿಂದ ಸುತ್ತಿ ಬರಬೇಕು.

ಊಟಕ್ಕೆ ಇಬ್ಬರಿಗೂ ಒಂದೇ ಹೋಟೆಲ್ ಸಿಗುವುದು ಸ್ವಲ್ಪ ಕಷ್ಟ. ಸಸ್ಯಾಹಾರಿ ಹೋಟೆಲಿನಲ್ಲಿ ಮೀನಿಲ್ಲ, ಮೀನೂಟದ ಹೋಟೆಲಿನಲ್ಲಿ ನಿಮ್ಮ ಮನೆಯವರಿಗೆ ವಾಸನೆ ಆಗಬಹುದು. ಎರಡೂ ಇರುವ ದೊಡ್ಡ ಹೋಟೆಲಿಗೆ ಹೋಗಿ ಅಥವಾ ಅವತ್ತು ಒಂದು ದಿನ ನೀವೇ ಮೀನು ಬಿಡಿ. ನಾನಾದರೆ ಬಿಡುತ್ತೇನೆ. ಮೀನು ತಿನ್ನುವುದೇ ಆದರೆ ಮೆನು ನೋಡುವ ಮೊದಲು ‘ಇವತ್ತು ಬಂದದ್ದು ಎಂತ?’ ಅಂತ ಕೇಳಿ. ಬಂಗುಡೆ ಅಂದರೆ ಬಂಗುಡೆ, ಕಾಣೆ ಅಂದರೆ ಕಾಣೆ. ಅಂಜಲ್‌ಗೇ ಹಟ ಹಿಡಿಯಬೇಡಿ. ಚಿಕನ್ ಘೀ ರೋಸ್ಟ್ ಹುಟ್ಟಿದ್ದೂ ನಮ್ಮೂರಲ್ಲೇ, ಅದನ್ನು ನೀರ್‌ದೋಸೆ ಜೊತೆ ತಿನ್ನಬೇಕು.

ಕೋಟೇಶ್ವರದಲ್ಲಿ ಕೋಡಿ ಹಬ್ಬ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ. ನವೆಂಬರ್ ಕೊನೆ, ಡಿಸೆಂಬರಿನ ಹುಣ್ಣಿಮೆ ಹೊತ್ತಿಗೆ ಬರುತ್ತದೆ. ಕೋಟಿಲಿಂಗೇಶ್ವರನ ತೇರು. ಹೊಸದಾಗಿ ಮದುವೆಯಾದವರು ಬಂದು ಪೂಜೆ ಮಾಡಿಸಿ ಕಬ್ಬಿನ ಕೋಡಿ, ಅಂದರೆ ಕುಡಿ, ಮನೆಗೆ ಒಯ್ಯುವುದು ನಮ್ಮ ಕಡೆಯ ಪದ್ಧತಿ. ನಿಮಗೆ ಮದುವೆಯಾಗಿ ಎಷ್ಟು ದಿನ ಆಯಿತೋ ಗೊತ್ತಿಲ್ಲ. ಹೊಸಬರಾದರೆ ಅವತ್ತೇ ಬನ್ನಿ, ಇಲ್ಲದಿದ್ದರೆ ಆ ಜನಸಂದಣಿಯಲ್ಲಿ ಬೈಕು ತರಬೇಡಿ.

ಕೇಳಿದವರು ಮತ್ತೆ

ಎಲ್ಲರಿಗೂ ವಂದನೆ. ಅವಳಿಗೂ ಓದಿ ಹೇಳಿದೆ. ಮದುವೆಯಾಗಿ ಇನ್ನೂ ಏಳು ತಿಂಗಳು, ಹಾಗಾಗಿ ಕೋಡಿ ಹಬ್ಬಕ್ಕೆ ಬೇರೆ ದಿನ ಬಸ್ಸಿನಲ್ಲೇ ಹೋಗೋಣ ಅಂದಳು. ಎರಡು ಪ್ರಶ್ನೆ. ಮಧ್ಯಾಹ್ನದ ಮೇಲೆ ಸೂರ್ಯಾಸ್ತಕ್ಕೆ ಎಲ್ಲಿ? ಮತ್ತೆ, ನೀರಿಗೆ ಇಳಿಯಬಹುದಾ?

ಬ್ರಹ್ಮಾವರದಿಂದ

ಕೋಡಿ ಬೆಂಗ್ರೆ. ಕುಂದಾಪುರದಿಂದ ಮೂರು ಗಂಟೆ ಹೊತ್ತಿಗೆ ಹೊರಡಿ. ಕೋಟದಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ, ನೆರಳಲ್ಲಿ ಅರ್ಧ ಗಂಟೆ ಕೂರಬಹುದು. ಸಂತೆಕಟ್ಟೆಯಲ್ಲಿ ಬಲಕ್ಕೆ ತಿರುಗಿ ಕೆಮ್ಮಣ್ಣು, ಹೂಡೆ ಮೇಲೆ ಹೋದರೆ ರಸ್ತೆ ಕಿರಿದಾಗುತ್ತಾ ಹೋಗುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ತೆಂಗಿನ ತೋಟ ಮತ್ತು ಮನೆಗಳು. ಮರವಂತೆಯಲ್ಲಿ ಇರುವುದು ಹೈವೇ, ಇಲ್ಲಿರುವುದು ಊರು. ಅಂಗಳದಲ್ಲಿ ಮೀನು ಒಣಗಲು ಹಾಕಿರುತ್ತಾರೆ, ಕಾಗೆ ಬರದ ಹಾಗೆ ಮೇಲೆ ಹಳೆ ಬಲೆ ಹೊದಿಸಿರುತ್ತಾರೆ. ಮಕ್ಕಳು ರಸ್ತೆಯಲ್ಲೇ ಆಡುತ್ತಿರುತ್ತಾರೆ. ಇಪ್ಪತ್ತರಲ್ಲಿ ಹೋಗಿ, ಹಾರ್ನ್ ಹೊಡೆಯಬೇಡಿ. ರಸ್ತೆ ಮುಗಿಯುವಲ್ಲಿ ನದಿ ಕಡಲಿಗೆ ಸೇರುತ್ತದೆ. ಐದೂವರೆಗೆ ಅಲ್ಲಿದ್ದರೆ ಸಾಕು. ಮುಳುಗಿದ ಮೇಲೆ ಮಲ್ಪೆ ರಸ್ತೆಯಲ್ಲಿ ಉಡುಪಿಗೆ ಹದಿನೆಂಟು ಕಿಲೋಮೀಟರ್ ಮಾತ್ರ.

ನೀರಿನ ವಿಷಯಕ್ಕೆ ಬಂದರೆ, ಮರವಂತೆಯಲ್ಲಿ ಇಳಿಯಬೇಡಿ. ಅಲ್ಲಿ ದಡ ಕಡಿದಾಗಿದೆ, ಎರಡು ಹೆಜ್ಜೆ ಇಡುವಷ್ಟರಲ್ಲಿ ಆಳ ಸಿಗುತ್ತದೆ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ನಡುವೆ ನೀರಿನ ಸೆಳೆತವೂ ಜಾಸ್ತಿ. ಬಂಡೆಯ ಮೇಲೆ ಪಾಚಿ ಇರುತ್ತದೆ, ಫೋಟೋಗೆ ಅಂತ ಹತ್ತಬೇಡಿ. ಕೋಡಿ ಬೆಂಗ್ರೆಯಲ್ಲೂ ನದಿಯ ಬಾಯಿಯ ಹತ್ತಿರ ಬೇಡ, ಇಳಿತದ ಹೊತ್ತಿನಲ್ಲಿ ನೀರು ಹೊರಗೆ ಎಳೆಯುತ್ತದೆ. ಕಾಲು ನೆನೆಸಲೇಬೇಕು ಅಂದರೆ ಮಲ್ಪೆ ಬೀಚ್. ದಡ ಚಪ್ಪಟೆಯಾಗಿದೆ, ಜನ ಇರುತ್ತಾರೆ, ಕಾವಲಿನವರೂ ಇರುತ್ತಾರೆ. ಅಲ್ಲೂ ಮೊಣಕಾಲಿನವರೆಗೆ ಸಾಕು.

ಹಿಂದಿನ ದಿನ ಟಯರಿನ ಗಾಳಿ ನೋಡಿಸಿ. ಇಬ್ಬರು ಕೂರುವಾಗ ಹಿಂದಿನ ಟಯರಿಗೆ ಜಾಸ್ತಿ ಬೇಕು, ಎಷ್ಟು ಅಂತ ಬೈಕಿನ ಪುಸ್ತಕದಲ್ಲಿರುತ್ತದೆ. ಚೈನಿಗೆ ಎಣ್ಣೆ ಹಾಕಿ. ಮನೆಗೆ ಬಂದ ಮಾರನೆಯ ದಿನ ಬೆಳಿಗ್ಗೆ ಸಿಹಿನೀರಿನಲ್ಲಿ ಬೈಕು ತೊಳೆದು, ಚೈನ್ ಒರೆಸಿ, ಮತ್ತೆ ಎಣ್ಣೆ ಹಾಕಿ. ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ತೊಳೆಯುವಾಗ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಒಳಗೆ ಮರಳು ಸಿಕ್ಕಿಕೊಂಡಿರುತ್ತದೆ, ಅದನ್ನೂ ತೆಗೆಯಿರಿ.